ಕಣಜದ ಹಿಂದೆ ಅಡಗಿಸಿದ ಚೀಲ

ಈ ಊರಿನ ಶಾಲೆಗೆ ಅಕ್ಕೋರಾಗಿ ಕಾಲಿಟ್ಟ ದಿನವೇ ನನ್ನ ಚೀಲ ಕಳುವಾಯಿತು. ರಿಪ್ಪನ್‌ಪೇಟೆಯಲ್ಲಿ ಬಸ್ಸಿಳಿದು, ಎತ್ತಿನ ಗಾಡಿ ಹತ್ತಿ, ಬಾಡಿಗೆ ಕೋಣೆ ನೋಡಲೆಂದು ನಾಗಮ್ಮನವರ ಮನೆಗೆ ಬಂದಿದ್ದೆ. ಕೋಣೆ ನೋಡಿದೆ, ಅವರು ಕೊಟ್ಟ ಬೆಲ್ಲ ತಿಂದು ನೀರು ಕುಡಿದೆ. ಹೆಡ್‌ಮಾಸ್ತರರ ಮನೆಗೆ ಹೋಗೋಣವೆಂದು ಎದ್ದರೆ ಜಗಲಿಯ ಮೇಲಿಟ್ಟಿದ್ದ ಚೀಲವೇ ಇಲ್ಲ.

"ಯಾರ್ ಒಯ್ದ್ರೀ ನನ್ನ ಚೀಲಾ?" ಎಂದು ಬೊಬ್ಬೆ ಹೊಡೆದೆ. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು.

"ಎಂತ ಅವಸ್ರ ನಿಮ್ಗೆ? ಉಂಡು ಮಲ್ಗಿ, ನಾಳೆ ಹೋದ್ರಾಯ್ತು" ಎಂದರು ನಾಗಮ್ಮ. ಚೀಲ ಭತ್ತದ ಕಣಜದ ಹಿಂದೆ ಬೆಚ್ಚಗೆ ಕುಳಿತಿತ್ತು.

ಗದಗಿನ ಕಡೆಯ ನನ್ನ ಜನರೇ, ನಮ್ಮಲ್ಲಿ ನೆಂಟರು ಹೊರಟು ನಿಂತರೆ ಮನೆಯ ಮಕ್ಕಳು ಅವರ ಚೀಲ ಹೊತ್ತು ಬಸ್ಸಿನ ತನಕ ಹೋಗುತ್ತಾರೆ. ಅದು ನಮ್ಮ ಮರ್ಯಾದೆ. ಇಲ್ಲಿ ಚೀಲ ಅಡಗಿಸುವುದೇ ಮರ್ಯಾದೆ. ಕೊಡೆ, ಚಪ್ಪಲಿ, ಎಲೆಯಡಿಕೆಯ ಸಂಚಿ, ಏನು ಸಿಕ್ಕರೆ ಅದು. ಹುಡುಕಿ ಹುಡುಕಿ ಸಾಕಾಗಿ ನೆಂಟರು ಇನ್ನೊಂದು ದಿನ ಉಳಿಯಬೇಕು. ಯಾರೂ ಅಡಗಿಸಲಿಲ್ಲವೆಂದರೆ ಆ ಮನೆಗೆ ನೀವು ಬೇಡವಾದಿರಿ ಎಂದರ್ಥ.

ನಾಗಮ್ಮನವರ ಮನೆಯಲ್ಲೇ ನೆಲೆಯೂರಿದೆ. ತಿಂಗಳೊಳಗೆ ಅವರು ನನಗೆ ನಾಗಕ್ಕ ಆದರು. ಅವರ ಯಜಮಾನರು ಸಂತೆಗೆ ಗಾಡಿ ಹೊಡೆಯುವವರು. ಮಗಳು ಚಂದ್ರಿ ನನ್ನ ತರಗತಿಯಲ್ಲೇ ಓದುವವಳು. ಊಟಕ್ಕೆ ಮಾತ್ರ ಬಹಳ ದಿನ ಪರದಾಡಿದೆ. ಇಲ್ಲಿ ರೊಟ್ಟಿ ಎಂದರೆ ಅಕ್ಕಿ ರೊಟ್ಟಿ, ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಜೋಳವಿಲ್ಲದ ಹೊಟ್ಟೆಗೆ ಎಷ್ಟು ಉಂಡರೂ ಉಂಡ ಹಾಗಾಗುತ್ತಿರಲಿಲ್ಲ. ನಾನು "ಹೌದ್ರೀ" ಎಂದರೆ ಶಾಲೆಯ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವರು ಮಾತು ಮಾತಿಗೆ "ಎಂತ" ಅಂದರೆ ನಾನು ನಗುತ್ತಿದ್ದೆ. ಲೆಕ್ಕ ಸರಿಹೋಯಿತು.

ನನ್ನ ಕೆಲಸ ಇಂಗ್ಲಿಷ್ ಕಲಿಸುವುದು. ಹಿಂದಿನ ಮೇಷ್ಟ್ರು ಬೆತ್ತದಲ್ಲಿ ಕಲಿಸಿದ್ದರಂತೆ. ಒಂದಿದ್ದರೆ ಮೌಸ್, ಹಲವಿದ್ದರೆ ಮೈಸ್ ಏಕೆ ಎಂದು ಕೇಳಿದವನ ಅಂಗೈ ಬಾತಿತ್ತಂತೆ. ಏಕೆ ಎಂಬುದು ನನಗೂ ತಿಳಿಯದು. ತಿಳಿಯದ ಮೇಲೆ ಕಥೆ ಕಟ್ಟಲು ಅಡ್ಡಿಯೇನು? ಪದಗಳ ದೇಶದಲ್ಲಿ ಒಬ್ಬ ರಾಜನಿದ್ದ ಎಂದು ಶುರು ಮಾಡಿದೆ. ಗುಂಪಾಗಿ ಹೊರಟವರೆಲ್ಲ ಹಿಂದೆ 'ಎಸ್' ಎಂಬ ಬಾಲ ಕಟ್ಟಿಕೊಳ್ಳಬೇಕು, ಇದು ಅವನ ಅಪ್ಪಣೆ. ಕ್ಯಾಟು, ಡಾಗು ತೆಪ್ಪಗೆ ಕಟ್ಟಿಕೊಂಡವು. ಇಲಿ ಮಾತ್ರ, "ನನಗೆ ಇರುವ ಬಾಲವೇ ಉದ್ದವಾಯಿತು, ಬೇಕಾದರೆ ಹೊಟ್ಟೆಯೊಳಗಿನ ಅಕ್ಷರ ಬದಲಿಸಿಕೊಂಡು ಬರುತ್ತೇನೆ" ಎಂದು ಮೈಸ್ ಆಯಿತು. ಪಾದ, "ಬಾಲ ಕಟ್ಟಿದರೆ ಎಡವಿ ಬೀಳುತ್ತೇನೆ" ಎಂದು ಫೀಟ್ ಆಯಿತು. ಎತ್ತು ಕೊರಳಿಗೆ 'ಎನ್' ಎಂಬ ಗಂಟೆ ಬೇಡಿ ಆಕ್ಸನ್ ಆಯಿತು. ಕುರಿ ತಾನು ಒಂದೋ ನೂರೋ ಎಂಬುದೇ ತಿಳಿಯದೆ ಶೀಪ್ ಆಗಿಯೇ ಉಳಿಯಿತು.

ಮಕ್ಕಳು ಶಾಲೆಯ ಅಂಗಳದಲ್ಲಿ ರಾಜನಾಗಿ, ಇಲಿಯಾಗಿ, ಎತ್ತಾಗಿ ಕುಣಿದರು. ಒಬ್ಬ ಮ್ಯಾನು ಹಲವರಾದರೆ ಮೆನ್ ಆಗುವುದೇಕೆ ಎಂಬ ಕಥೆಯನ್ನು ಚಂದ್ರಿಯೇ ಹೊಸೆದಳು. "ಮದ್ವೆಮನೇಲಿ ಗಂಡಸ್ರು ಒಟ್ಟಾದ್ರೆ ಬ್ಯಾರೇನೇ ಆಗ್ತಾರಲ್ರಾ ಅಕ್ಕೋರೇ!" ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಕಾಗುಣಿತಕ್ಕೇ ತಡವರಿಸುತ್ತಿದ್ದ ಮಕ್ಕಳು ದೀಪಾವಳಿಯ ಹೊತ್ತಿಗೆ ಆ ಹಠಮಾರಿ ಪದಗಳನ್ನೆಲ್ಲ ನೀರು ಕುಡಿದಂತೆ ಹೇಳುತ್ತಿದ್ದರು.

ಈಗ ನನ್ನ ಸಂಕಟ ಹೇಳುತ್ತೇನೆ. ಗದಗಿನಲ್ಲಿ ಅತ್ತೆಯ ಬಳಿ ನಾಲ್ಕು ವರ್ಷದ ಮಗಳು ನೀಲಾಳನ್ನು ಬಿಟ್ಟು ಬಂದಿದ್ದೆ. "ಮಲೆನಾಡ ಜ್ವರದ ಊರಿಗೆ ಕೂಸು ಬ್ಯಾಡ" ಎಂದು ಅತ್ತೆ ಹಟ ಹಿಡಿದಿದ್ದರು, ನನ್ನ ಯಜಮಾನರೂ ಹೌದೆಂದು ತಲೆಯಾಡಿಸಿದ್ದರು. ನಮ್ಮ ಕಡೆಗೆ ವರ್ಗ ಬೇಡಿ ಅರ್ಜಿ ಹಾಕಿದ್ದೆ. ಹೊಸನಗರದಲ್ಲಿ ಕಂಡಾಗ ಶಾಲಾ ಇನ್ಸ್‌ಪೆಕ್ಟರರು, "ತನಿಖೆಗೆ ಬರುತ್ತೇನೆ. ಮಕ್ಕಳ ಇಂಗ್ಲಿಷ್ ಚೆನ್ನಾಗಿದ್ದರೆ ಅರ್ಜಿಯ ಮೇಲೆ ನಾಲ್ಕು ಒಳ್ಳೆಯ ಮಾತು ಬರೆಯುತ್ತೇನೆ" ಎಂದಿದ್ದರು. ಇದನ್ನು ನಾನು ಹೇಳಿಕೊಂಡದ್ದು ನಾಗಕ್ಕನೊಬ್ಬರ ಹತ್ತಿರ. ಸೆರಗಿನಿಂದ ಕಣ್ಣೊರೆಸಿಕೊಂಡು, "ಮಗು ತಾಯಿ ಹತ್ರನೇ ಇರ್ಬೇಕು ಕಣ್ರೀ" ಎಂದಿದ್ದರು.

ಇನ್ಸ್‌ಪೆಕ್ಟರರು ಬಂದರು. ಒಂದು ಇಲಿ ಮೌಸ್ ಆದರೆ ಹಲವು ಇಲಿಗಳು ಏನು ಎಂದು ಕೇಳಿದರು. ಇಡೀ ತರಗತಿ ಕಲ್ಲಿನಂತೆ ಕುಳಿತಿತ್ತು. ಅವರು ಚಂದ್ರಿಯನ್ನು ಎಬ್ಬಿಸಿದರು. ಅವಳು ನೆಲ ನೋಡುತ್ತಾ, "ಮೌಸಸ್" ಎಂದಳು. ಪಾದ ಕೇಳಿದರು, "ಫೂಟ್ಸ್" ಎಂದು ಉತ್ತರ. ಹಲ್ಲು ಕೇಳಿದರೆ ಮತ್ತೆ ಮೌನ. ನಾನು ಕೈಸನ್ನೆ ಮಾಡಿದೆ, ಒಂದು ಮಗುವೂ ನನ್ನತ್ತ ತಿರುಗಲಿಲ್ಲ.

"ಈ ಮಕ್ಕಳಿಗೆ ನೀವು ಇನ್ನೂ ಕೆಲಕಾಲ ಬೇಕಮ್ಮ" ಎಂದು ಹೇಳಿ ಇನ್ಸ್‌ಪೆಕ್ಟರರು ಹೊರಟರು.

ಅವರ ಜೀಪು ತಿರುವು ದಾಟಿತೋ ಇಲ್ಲವೋ, ತರಗತಿ ಚಪ್ಪಾಳೆ ಹೊಡೆದು ಎದ್ದಿತು. "ಮೈಸ್! ಫೀಟ್! ಟೀತ್! ಆಕ್ಸನ್!" ಒಂದೊಂದನ್ನೂ ಕಣಜದ ಹಿಂದಿನಿಂದ ಎಳೆದು ತೆಗೆದಂತೆ ಕೂಗಿದರು. "ಅಡ್ಗ್ಸಿಟ್ಟಿದ್ವಿ ಅಕ್ಕೋರೇ! ಇನ್ನ್ ನೀವು ಹೋಗಂಗಿಲ್ಲ!" ಎಂದು ಚಂದ್ರಿ ನನ್ನ ಕೈ ಹಿಡಿದು ಜಗ್ಗಿದಳು. ನಾನೂ ನಗುತ್ತೇನೆಂದು ಕಾದಿದ್ದರು ಪಾಪ. ನಾನು ಕುರ್ಚಿಯಲ್ಲಿ ಕುಸಿದು, ಮಕ್ಕಳೆದುರೇ ಅತ್ತೆ.

ನಾಗಕ್ಕ ಏನನ್ನೂ ಮುಚ್ಚಿಡಲಿಲ್ಲ. "ಹೌದು, ನಾನೇ ಹೇಳ್ಕೊಟ್ಟೆ. ನಿಮ್ಮಂಗೆ ಯಾರ್ ಕಲಿಸ್ತಾರೆ ನಮ್ಮಕ್ಳಿಗೆ? ಕೂಸ್ನ ಇಲ್ಲಿಗೇ ಕರ್ಕಂಡ್ ಬನ್ನಿ, ನಾನ್ ಸಾಕ್ತೀನಿ. ಇಲ್ಲಿ ಮಕ್ಳು ಬೆಳೀತಿಲ್ವಾ?"

"ನನ್ನ ಚೀಲ ಅಡಗಿಸಿದ್ದರೆ ಹುಡುಕಿಕೊಳ್ಳುತ್ತಿದ್ದೆ ನಾಗಕ್ಕ. ನೀವು ನನ್ನ ಮಗಳನ್ನೇ ಅಡಗಿಸಿಬಿಟ್ಟಿರಿ" ಎಂದೆ. ಅವರ ಮುಖ ಕಪ್ಪಿಟ್ಟಿತು. ನನಗೆ ಮರುಕ ಬರಲಿಲ್ಲ. ಹಾಲು ಕೊಟ್ಟ ಕೈಯೇ ಕತ್ತು ಹಿಸುಕಿದರೆ ಯಾರ ಬಳಿ ದೂರುವುದು? ಪ್ರೀತಿಯಿಂದ ಮಾಡಿದರೆಂದು ಊರೆಲ್ಲ ನನಗೇ ಬುದ್ಧಿ ಹೇಳಿತು. ಪ್ರೀತಿಯಿಂದ ಮಾಡಿದ್ದಕ್ಕೇ ನನಗೆ ಹೆಚ್ಚು ಸಿಟ್ಟು. ಹಗೆಯವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಅಂದಿನಿಂದ ಕೋಣೆಯಲ್ಲೇ ಒಲೆ ಹೂಡಿದೆ. ಒಂದು ದಿನ ನಾಗಕ್ಕ ಯಾವ ಸಂತೆಯಿಂದಲೋ ಜೋಳ ತರಿಸಿ, ಬೀಸಿ, ರೊಟ್ಟಿ ಬಡಿದು ಬಾಗಿಲಲ್ಲಿಟ್ಟು ಹೋದರು. ರೊಟ್ಟಿ ಚೂರು ಚೂರಾಗಿತ್ತು. ತಿಂದೆ. ಹಸಿವು ಹೋಯಿತು, ಸಿಟ್ಟು ಹೋಗಲಿಲ್ಲ. ತರಗತಿಯಲ್ಲಿ ಪಾಠ ಮಾಡಿದೆ, ಕಥೆ ಮಾತ್ರ ಬಾಯಿಗೆ ಬರಲಿಲ್ಲ.

ಬೇಸಿಗೆ ರಜೆಗೆ ಗದಗಿಗೆ ಹೋದೆ. ನೀಲಾ ಮೊದಲೆರಡು ದಿನ ಅಜ್ಜಿಯ ಸೆರಗು ಬಿಡಲಿಲ್ಲ. ಆಮೇಲೆ ಹೊಂದಿಕೊಂಡಳು. ಇಲಿಯ ಕಥೆ ಹೇಳಿದೆ, ಲಂಗದ ತುದಿಯನ್ನೇ ಬಾಲವೆಂದು ಹಿಡಿದು ಕುಣಿದಳು. ರಜೆ ಮುಗಿದು ಹೊರಡುವ ಬೆಳಿಗ್ಗೆ, "ನನ್ನ ಜೋಡಿ ಬರ್ತೀಯೇನ?" ಎಂದು ಕೇಳಿದೆ. ಒಳಗೆ ಓಡಿದಳು. ಚೀಲ ಅಡಗಿಸಲು ಹೋದಳೇನೋ ಎಂದುಕೊಂಡೆ. ದೇವರಾಣೆ, ಅಡಗಿಸಲಿ ಎಂದು ಬೇಡಿಕೊಂಡೆ.

ಪುಟ್ಟ ಕೈಗಳಿಂದ ಚೀಲ ಎಳೆಯುತ್ತಾ ಹೊರಬಂದಳು. "ಲಗೂನ ನಡಿಯವ್ವಾ, ಬಸ್ ಬರೂ ಹೊತ್ತಾತು" ಎಂದಳು. ಬಸ್ಸಿನ ತನಕ ಯಾರಿಗೂ ಕೊಡದೆ ತಾನೇ ಹಿಡಿದು ತಂದಳು. "ನೆಂಟರನ್ನ ಕಳಸೂದು ಎಷ್ಟ ಚಂದ ಕಲ್ತಾಳ ನೋಡು" ಎಂದು ಅತ್ತೆ ಹಿಗ್ಗಿದರು.

ರಿಪ್ಪನ್‌ಪೇಟೆಯಲ್ಲಿ ನಾಗಕ್ಕನ ಮನೆಯ ಗಾಡಿ ಕಾದಿತ್ತು. ಚಂದ್ರಿ ಚೀಲ ಇಸಿದುಕೊಂಡಳು. ಮನೆಗೆ ಬಂದು ಕಾಲು ತೊಳೆದು ನೋಡುತ್ತೇನೆ, ಚೀಲ ಮಾಯ. ಮನೆಮಂದಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಚೀಲ ನಿಮ್ಮಲ್ಲೇ ಇರಲಿ ನಾಗಕ್ಕ" ಎಂದೆ. "ಹೊಸದು ಹೊಲಿಸಲು ಅಳತೆಗೆಂದು ನೀಲಾಳ ಹಳೆಯ ಲಂಗ ತಂದಿದ್ದೇನೆ, ಅದೊಂದನ್ನು ಕೊಡಿ."