ಭಾವನ ರಟ್ಟಿನ ಪೊಲೀಸ್

ನಮ್ಮ ಭಾವನ ಬಾಯಲ್ಲಿ ಗುಂಡುಸೂಜಿ ಇದ್ದಷ್ಟು ಹೊತ್ತು ಮಾತ್ರ ಪೊಲೀಸರು ಬಚಾವ್. ಸೂಜಿ ತೆಗೆದರೋ, ಶುರು. "ದೇಶದ ಈ ತುದಿಯಿಂದ ಆ ತುದಿಗೆ ಹೋಗಿ ನೋಡು, ಪೊಲೀಸ್ರೆಲ್ಲಾ ಒಂದೇ. ಹೊಟ್ಟೆ ಮುಂದೆ, ಬುದ್ಧಿ ಹಿಂದೆ!" ಅವರ ಹೊಲಿಗೆ ಅಂಗಡಿಯ ಮೂಲೆಯಲ್ಲಿ ಇಸ್ತ್ರಿ ಮಾಡುವ ನಾನು ಹೂಂಗುಟ್ಟಬೇಕು. ಇಲ್ಲದಿದ್ದರೆ ಆ ದಿನ ಚಹಾ ಇಲ್ಲ.

ಹಿಂದೊಮ್ಮೆ ಸೈಕಲ್ ಕಳುವಾಗಿ ದೂರು ಕೊಡಲು ಹೋದ ಭಾವನನ್ನು ಠಾಣೆಯಲ್ಲಿ ಸಂಜೆವರೆಗೆ ಬೆಂಚಿನ ಮೇಲೆ ಕೂರಿಸಿದ್ದರಂತೆ. ಎತ್ತರದ ಮೇಜಿನ ಹಿಂದೆ ಬರೀ ಟೋಪಿ ಕಾಣುತ್ತಿದ್ದ ಒಬ್ಬ, "ನಿನ್ನದೇ ಅನ್ನೋದಕ್ಕೆ ಸೈಕಲ್ ತಂದು ತೋರ್ಸು" ಎಂದಿದ್ದನಂತೆ. ಆ ಒಬ್ಬನ ಮೇಲಿನ ಸಿಟ್ಟನ್ನು ಭಾವ ಇಡೀ ಇಲಾಖೆಗೆ ಹಂಚಿಬಿಟ್ಟರು.

ತಮಾಷೆಯೆಂದರೆ, ಪೊಲೀಸರ ಬಟ್ಟೆ ಹೊಲಿಯುವವರೂ ಇವರೇ. ಮಿಕ್ಕವರಿಗೆ ಎರಡೆರಡು ಸಲ ಟೇಪು ಹಿಡಿಯುವ ಮನುಷ್ಯ, ಪೊಲೀಸರಿಗೆ ಅಳತೆಯನ್ನೇ ತೆಗೆಯುವುದಿಲ್ಲ. ಮೊಳೆಗೆ ನೇತುಹಾಕಿದ ರಟ್ಟಿನ ಅಚ್ಚೊಂದಿದೆ, ಸೊಂಟದಲ್ಲಿ ಧಾರಾಳ. ಅದನ್ನಿಟ್ಟು ಕತ್ತರಿ ಆಡಿಸಿದರಾಯಿತು. ಯಾರಾದರೂ ಸಡಿಲ ಎಂದರೆ, "ತಾಳಿ ಸಾರ್, ತುಂಬ್ಕೋತೀರಿ" ಎನ್ನುತ್ತಾರೆ.

ಅಂಥವರ ಮಗಳೇ ಪೊಲೀಸ್ ಕೆಲಸಕ್ಕೆ ಆಯ್ಕೆಯಾಗಬೇಕೇ! ಬಟ್ಟೆ ತಂದು ಅವರ ಮುಂದಿಟ್ಟಳು. "ಅಪ್ಪಾ, ಸೋಮವಾರ ಡ್ಯೂಟಿಗೆ ಸೇರ್ಬೇಕು. ಮೊದಲ್ನೇ ಯೂನಿಫಾರ್ಮ್ ನಿನ್ನ ಕೈಯಿಂದಲೇ ಆಗ್ಲಿ."

ಭಾವನ ಮುಖ ಊದಿಕೊಂಡಿತು. ಎದ್ದು ಮೊಳೆಯಿಂದ ರಟ್ಟು ಇಳಿಸಿದರು.

"ಭಾವ, ಅವಳು ನಿಮ್ಮ ಮಗಳು!" ಎಂದೆ.

"ಪೊಲೀಸ್ ತಾನೆ?" ಎಂದರು.

ಹೊಲಿದದ್ದನ್ನು ಹಾಕಿಕೊಂಡು ಪರದೆಯ ಹಿಂದಿನಿಂದ ಹುಡುಗಿ ಬಂದಳು, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ನಾನು ನಕ್ಕುಬಿಟ್ಟೆ. "ಇದ್ರಲ್ಲಿ ನಾನು, ಅಮ್ಮ ಇಬ್ರೂ ಹಿಡೀತೀವಿ" ಎಂದು ಅವಳೂ ನಗಲು ಹೋದಳು, ಆಗಲಿಲ್ಲ. "ಹುಟ್ಟಿದಾಗಿಂದ ನಂಗೆ ನೀನೇ ಹೊಲಿದಿದ್ದೀಯಪ್ಪಾ. ಅಳತೆ ತೆಗೀದೆ ಹೊಲಿದಿದ್ದು ಇದೇ ಮೊದಲು."

ಭಾವ ಕೊರಳಿನ ಟೇಪು ತೆಗೆದು, "ನೆಟ್ಟಗೆ ನಿಂತ್ಕೋ" ಎಂದರು. ಆ ಬಟ್ಟೆಯನ್ನು ಪೂರ್ತಿ ಬಿಚ್ಚಿ ಮತ್ತೆ ಹೊಲಿದರು.

ಅಲ್ಲಿಂದ ರಾಗವೇ ಬದಲಾಯಿತು ನೋಡಿ! "ಪೊಲೀಸ್ರೆಲ್ಲಾ ಚಿನ್ನ ಕಣಯ್ಯಾ, ಅಪ್ಪಟ ಚಿನ್ನ!" ಅದಕ್ಕೂ ನಾನೇ ಹೂಂಗುಟ್ಟಬೇಕು. ಒಂದು ಸಂಜೆ ಕೆಲಸ ಮುಗಿಸಿ ಬಂದ ಮಗಳ ಕಿವಿಗೆ ಇದು ಬಿತ್ತು.

"ಎಲ್ರೂ ಅಲ್ಲಪ್ಪಾ. ನಿನ್ನನ್ನ ಬೆಂಚಿನ ಮೇಲೆ ಕೂರಿಸಿದೋರು ಇನ್ನೂ ನಮ್ಮ ಠಾಣೇಲೇ ಇದ್ದಾರೆ. ಆ ಸೈಕಲ್ ವಿಷ್ಯ ಈಗ್ಲೂ ನಕ್ಕೊಂಡು ಹೇಳ್ತಾರೆ. ನಾನು ದಿನಾ ಅವರಿಗೆ ಸಲ್ಯೂಟ್ ಹೊಡೀತೀನಿ."

ಭಾವ ಮೊಳೆಯ ಮೇಲಿನ ರಟ್ಟಿನ ಕಡೆ ನೋಡಿದರು. ಆಮೇಲೆ ಆಸೆಯಿಂದ ಕೇಳಿದರು, "ಹೊಟ್ಟೆ ಎಷ್ಟಿದೆ ಅವನಿಗೆ?"

"ಹೊಟ್ಟೆನೇ ಇಲ್ಲ. ಕಡ್ಡಿ ಥರ ಇದ್ದಾರೆ."

ಪಾಪ, ಅವರ ಮುಖ ನೋಡಬೇಕಿತ್ತು. ಆ ಒಬ್ಬನಿಗಾದರೂ ಅಚ್ಚು ಸರಿಹೊಂದುತ್ತದೆ ಎಂದುಕೊಂಡಿದ್ದರು.

ರಟ್ಟು ಈಗ ನನ್ನ ಇಸ್ತ್ರಿ ಮೇಜಿನ ಕುಂಟು ಕಾಲಿನ ಕೆಳಗಿದೆ. ಮರುದಿನ ಬಟ್ಟೆ ತಂದ ಪೊಲೀಸಪ್ಪನ ಎದುರು ಭಾವ ಟೇಪು ಹಿಡಿದು ನಿಂತು, "ಕೈ ಸ್ವಲ್ಪ ಮೇಲೆತ್ತಿ ಸಾರ್" ಎಂದರು.