ಕೆಳ ಲೀಗಿಗೆ ಇಳಿದ ನಮ್ಮ ತಂಡ

ಮೂವತ್ತು ಪಾಯಿಂಟುಗಳಿಂದ ಸೋತ ತಂಡಕ್ಕೆ ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು. ಸ್ಕೋರ್ ಬೋರ್ಡನ್ನು ನಾನೇ ತಪ್ಪಾಗಿ ಓದಿದೆನೇನೋ ಎಂದು ಮತ್ತೊಮ್ಮೆ ನೋಡಿದೆ. ಇಲ್ಲ, ಸೋತವರು ಇವರೇ. ಪಕ್ಕದಲ್ಲಿದ್ದ ನನ್ನ ಮನೆಯೊಡತಿ ಫ್ರೌ ಕೆಲ್ಲರ್ ಕಣ್ಣೊರೆಸಿಕೊಳ್ಳುತ್ತ, "ಏಳಿ ಶಶಿ, ಕೊನೆಯವರೆಗೂ ಆಡಿದ್ದಾರಲ್ಲ" ಎಂದರು.

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ವೀಸಾದಲ್ಲಿ ಮೈಸೂರಿನಿಂದ ಬಂದು, ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿ ಅವರ ಮನೆಯ ಮೇಲಂತಸ್ತು ಸೇರಿ ನನಗಾಗ ಐದು ತಿಂಗಳು. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತಿತ್ತು, ಬೇಕರಿಯಲ್ಲಿ ಬೆರಳು ತೋರಿಸಿದರೆ ಬ್ರೆಡ್ಡು ಸಿಗುತ್ತಿತ್ತು. ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರಗಳು ಮಾತ್ರ ಕಳೆಯುತ್ತಲೇ ಇರಲಿಲ್ಲ. ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಆರಕ್ಕೇ ನಾನು ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲಿರುತ್ತಿದ್ದೆ. ನಾಲ್ಕು ವರ್ಷ ಕಾಲೇಜು ತಂಡಕ್ಕೆ ಆಡಿದವಳು. ಮೆಟ್ಟಿಲ ಬಳಿ ಹರಕು ಜರ್ಮನ್‌ನಲ್ಲಿ ಇದನ್ನು ಹೇಳಿದ್ದೇ ತಡ, ಫ್ರೌ ಕೆಲ್ಲರ್ ಒಳಗಿನಿಂದ ಎರಡು ಡವರ್‌ಕಾರ್ಟೆ ತಂದರು. ಇಡೀ ಋತುವಿನ ಪಂದ್ಯಗಳಿಗೆ ಒಟ್ಟಿಗೇ ಕೊಳ್ಳುವ ಟಿಕೆಟ್ಟು ಅದು. ಒಂದು ಅವರದು. ಇನ್ನೊಂದು, ಹಿಂದಿನ ಚಳಿಗಾಲ ತೀರಿಕೊಂಡ ಗಂಡನದು.

"ರದ್ದು ಮಾಡೋಕೆ ಮನಸ್ಸು ಬರಲಿಲ್ಲ" ಎಂದರು.

ಫ್ರೌ ಕೆಲ್ಲರ್ ಹುಟ್ಟಿ ಬೆಳೆದ ಪುಟ್ಟ ಊರಿನ ಬ್ಯಾಸ್ಕೆಟ್‌ಬಾಲ್ ತಂಡ ಅದು. ಒಂದು ಕಾಲಕ್ಕೆ ದೇಶಕ್ಕೇ ಚಾಂಪಿಯನ್. ಹಜಾರದ ಫೋಟೋಗಳಲ್ಲಿ ಕಪ್ ಹಿಡಿದ ನೀಳಕಾಯದ ಆಟಗಾರರ ನಡುವೆ ಗಂಡ ಹೆಂಡತಿ ಇಬ್ಬರೂ ಮಕ್ಕಳಂತೆ ನಗುತ್ತ ನಿಂತಿದ್ದರು. ಆಮೇಲೆ ಪ್ರಾಯೋಜಕರು ಕೈಬಿಟ್ಟರು, ಒಳ್ಳೆಯ ಆಟಗಾರರು ಬೇರೆ ಕಡೆ ಹೋದರು. ನಾನು ಬಂದದ್ದು ಸೋಲಿನ ಕಾಲಕ್ಕೆ. ಆ ದಿನದ್ದಂತೂ ಅಬ್‌ಶ್ಟೀಗ್, ಅಂದರೆ ಕೆಳಗಿನ ಲೀಗಿಗೆ ತಳ್ಳುವ ಸೋಲು. ನಮ್ಮಲ್ಲಾಗಿದ್ದರೆ ಬೈಯುತ್ತ ಅರ್ಧಕ್ಕೇ ಎದ್ದು ಬರುತ್ತಿದ್ದೆವು. ಇಲ್ಲಿ ಒಬ್ಬರೂ ಕದಲಲಿಲ್ಲ.

ಮುಂದಿನ ವರ್ಷ ಕ್ರೀಡಾಂಗಣ ಅರ್ಧ ಖಾಲಿ. ಫ್ರೌ ಕೆಲ್ಲರ್ ಮಾತ್ರ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಅಷ್ಟರಲ್ಲಿ ನನ್ನ ಪ್ರಾಜೆಕ್ಟ್ ನಿಂತು ಕೆಲಸ ಹೋಯಿತು. ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಮನೆ ಖಾಲಿ ಮಾಡುತ್ತೇನೆಂದು ಹೇಳಿ, ಟಿಕೆಟ್ಟನ್ನೂ ಮರಳಿ ಕೊಡಲು ಹೋದೆ. ಅವರು ಮುಟ್ಟಲಿಲ್ಲ.

"ಋತು ಮುಗೀಲಿ. ಹೋಗೋದಾದರೆ ಆಮೇಲೆ ಹೋಗಿ. ಎಲ್ಲಿ, ನಿಮ್ಮ ಕೆಲಸದ ಅರ್ಜಿ ತೋರಿಸಿ."

ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು, ಕನ್ನಡಕ ಏರಿಸಿ ಓದಿದರು. "ಇಷ್ಟೊಂದು 'ದಯವಿಟ್ಟು' ಯಾಕೆ? ಭಿಕ್ಷೆ ಕೇಳ್ತಿದ್ದೀರಾ? ಕೆಲಸ ಗೊತ್ತಿದೆ ಅಂತ ಬರೆಯಿರಿ."

ಮೂರು ವಾರ ಹಾಗೆ ಕೂತು ಬರೆಸಿದರು. ಏಳನೆಯ ಅರ್ಜಿಗೆ ಕರೆ ಬಂತು. ಸಂದರ್ಶನ ಪೂರ್ತಿ ಜರ್ಮನ್‌ನಲ್ಲಿ. ತಡವರಿಸಿದೆ, ವ್ಯಾಕರಣ ತಪ್ಪಿದೆ, ಆದರೂ ನಿಲ್ಲಿಸಲಿಲ್ಲ. ಕೆಲಸ ಸಿಕ್ಕಿತು.

ಆ ವಸಂತದಲ್ಲೇ ತಂಡ ಮತ್ತೆ ಮೇಲಿನ ಲೀಗಿಗೆ ಏರಿತು. ಕೊನೆಯ ಪಂದ್ಯ ಎರಡೇ ಪಾಯಿಂಟಿನ ಗೆಲುವು. ಅಷ್ಟು ದಿನ ಕೈಕುಲುಕುವುದಕ್ಕಿಂತ ಹತ್ತಿರ ಬರದಿದ್ದ ಫ್ರೌ ಕೆಲ್ಲರ್ ನನ್ನನ್ನು ಬಿಗಿಯಾಗಿ ತಬ್ಬಿಕೊಂಡರು.

ಮನೆಗೆ ಬಂದವಳೇ ಮೈಸೂರಿಗೆ ಫೋನ್ ಮಾಡಿದೆ. "ಅಪ್ಪಾ, ನಾವು ಗೆದ್ವಿ!"

"ಹೌದಾ? ಇವತ್ತು ಇಂಡಿಯಾ ಮ್ಯಾಚೇ ಇರ್ಲಿಲ್ವಲ್ಲೇ?"

"ಅದಲ್ಲಪ್ಪ, ಇಲ್ಲಿನೋರು."

"ಒಳ್ಳೇದಾಯ್ತು ಪುಟ್ಟಿ" ಎಂದರು ಅಪ್ಪ. "'ನಾವು' ಅಂದ್ಯಲ್ಲ, ಅದಕ್ಕೆ ಕೇಳ್ದೆ."