ಮೊಮ್ಮಕ್ಕಳ ದುಡ್ಡಿಗೊಬ್ಬ ನಂಬಿಗಸ್ತ

ಶಿಡ್ಲಘಟ್ಟದಲ್ಲಿ ಹರಾಜು ನಡೆಯೋದು ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಮಾತ್ರ ಅಂದುಕೊಂಡಿದ್ದೆ. ಮೇಲೂರಿನ ಯಜಮಾನರೊಬ್ಬರು ನನ್ನ ವಕೀಲಿ ಕಚೇರಿಯಲ್ಲೇ ಮೊಮ್ಮಕ್ಕಳ ವಯಸ್ಸನ್ನು ಹರಾಜಿಗಿಟ್ಟರು. ಬ್ಯಾಂಕಿನಲ್ಲಿದ್ದ ದುಡ್ಡೆಲ್ಲ ಆ ಪುಟ್ಟ ಮಕ್ಕಳಿಬ್ಬರಿಗೆ ಅಂತ ಉಯಿಲು ಬರೆಸಲು ಬಂದಿದ್ದರು.

"ಹದಿನೆಂಟು ತುಂಬಿದಾಗ ಕೊಡಬಹುದು," ಅಂದೆ.

"ಬೈಕ್ ತಗೊಂಡು ಸ್ಕಂದಗಿರಿ ಸುತ್ತಕ್ಕಾ? ಇಪ್ಪತ್ತೈದು ಹಾಕಪ್ಪ."

ಬರೆಯುವಷ್ಟರಲ್ಲಿ ಅದು ಮೂವತ್ತಾಯಿತು. ಆಚೆ ಬೆಂಚಿನ ಮೇಲೆ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಾ ಕೂತಿದ್ದ ಐವತ್ತರ ಮಗನ ಕಡೆ ಕಣ್ಣು ಹಾಯಿಸಿದರು; ನಲವತ್ತಾಯಿತು.

"ಅಲ್ಲಿವರೆಗೂ ದುಡ್ಡು ನೋಡ್ಕೊಳ್ಳೋಕೆ ಒಬ್ಬರ ಹೆಸರು ಹೇಳಿ ಯಜಮಾನ್ರೇ. ಮಗ?"

"ಬ್ಯಾಡ."

"ಸೊಸೆ?"

"ಅವಳಿಗೆ ತಮ್ಮಂದಿರಿದ್ದಾರೆ."

"ಅಳಿಯ?"

ಯಜಮಾನರು ಮನಸಾರೆ ನಕ್ಕರು.

"ಮತ್ಯಾರು?"

"ನಾನೇ ಇದ್ದೀನಲ್ಲಪ್ಪ! ನನ್ನಷ್ಟು ಚೆನ್ನಾಗಿ ಯಾರು ನೋಡ್ಕೋತಾರೆ?"

ಉಯಿಲು ಜಾರಿಗೆ ಬರೋದೇ ತಾವು ಹೋದಮೇಲೆ ಅಂತ ಮೆತ್ತಗೆ ತಿಳಿಸಿದೆ. ಕಾನೂನಿನಲ್ಲಿ ಇಷ್ಟು ದೊಡ್ಡ ದೋಷ ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಟವೆಲು ಕೊಡವಿ ಎದ್ದರು.

"ಹಂಗಾದ್ರೆ ಈಗೇನು ಆತುರ? ಅವಕ್ಕೆ ನಲವತ್ತು ತುಂಬಲಿ, ಆಮೇಲೆ ಬರ್ತೀನಿ."

ಬರುತ್ತಾರೆ, ನನಗೇನೂ ಅನುಮಾನವಿಲ್ಲ. ಬರೆದುಕೊಡಲು ನಾನಿರಬೇಕಷ್ಟೆ.